ಗುಡಿ ಕಟ್ಟಿದವರು ಗುಡಿಯ ಹಿಂದೆ ಹಾಡಿದರು

ಪುಷ್ಯ ಬಹುಳ ಪಂಚಮಿ ಹತ್ತಿರ ಬಂತೆಂದರೆ ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ ರಾಮಮಂದಿರದ ಜಮಖಾನೆಗಳು ಬಿಸಿಲು ಕಾಣುತ್ತವೆ. ಸಂಜೆ ಸಂಗೀತದ ಪಾಠಕ್ಕೆ ಬರುವ ಮಕ್ಕಳ ಜೊತೆಗೆ, ಮದುವೆಯಾದ ಮೇಲೆ ಹಾಡು ಬಿಟ್ಟ ಗೃಹಿಣಿಯರೂ ಬ್ಯಾಂಕು, ಕಚೇರಿಗಳಿಂದ ನಿವೃತ್ತರಾದ ಹಿರಿಯರೂ ಹಳೆಯ ನೋಟುಪುಸ್ತಕಗಳ ಧೂಳು ಕೊಡವಿ ಬಂದು ಕೂರುತ್ತಾರೆ. ಪಂಚಮಿಯ ಬೆಳಿಗ್ಗೆ ತಂಬೂರಿ ಹಿಡಿದ ಸಂತರೊಬ್ಬರ ಚಿತ್ರಕ್ಕೆ ಹಾರ ಹಾಕಿ, ಎಲ್ಲರೂ ಸಾಲಾಗಿ ಕುಳಿತು ನಾಟ ರಾಗದಿಂದ ಆರಂಭಿಸಿ ಐದು ದೊಡ್ಡ ಕೃತಿಗಳನ್ನು ಒಂದೇ ಉಸಿರಿಗೆ ಎಂಬಂತೆ ಹಾಡಿ ಮುಗಿಸುತ್ತಾರೆ. ಕೊನೆಗೆ ಮಂಗಳ, ಕೋಸಂಬರಿ, ಪಾನಕ. ಇದು ತ್ಯಾಗರಾಜರ ಆರಾಧನೆ.

ಇಂತಹ ಒಂದು ಆರಾಧನೆಯಲ್ಲಿ ಕಳೆದ ಬಾರಿ ಹಿಂದಿನ ಸಾಲಿನಲ್ಲಿ ಕುಳಿತು ಎಣಿಸಿದೆ. ಹಾಡುತ್ತಿದ್ದ 40 ಮಂದಿಯಲ್ಲಿ 31 ಮಂದಿ ಹೆಂಗಸರು. ಪುಸ್ತಕ ನೋಡದೆ ಹಾಡುತ್ತಿದ್ದವರೂ ಅವರೇ. ಗಂಡಸರು ತಾಳ ಹಾಕುತ್ತ, ಗೊತ್ತಿದ್ದ ಕಡೆ ದನಿಗೂಡಿಸುತ್ತಿದ್ದರು. ಇಂದು ಯಾರಿಗೂ ಇದು ವಿಶೇಷವೆನಿಸುವುದಿಲ್ಲ. ಆದರೆ 1940ರವರೆಗೆ, ತ್ಯಾಗರಾಜರ ಸಮಾಧಿ ಇರುವ ತಿರುವೈಯಾರಿನಲ್ಲೇ, ಆರಾಧನೆಯ ಮುಖ್ಯ ವೇದಿಕೆಯಲ್ಲಿ ಹೆಂಗಸರು ಬಾಯಿ ತೆರೆಯುವಂತಿರಲಿಲ್ಲ. ಆ ಸಮಾಧಿಯ ಮೇಲೆ ಗುಡಿ ಕಟ್ಟಿಸಿದ್ದು ಒಬ್ಬ ಹೆಂಗಸು, ಅದೂ ನಂಜನಗೂಡಿನಲ್ಲಿ ಹುಟ್ಟಿ ಬೆಂಗಳೂರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತುಕೊಂಡಿದ್ದ ಹೆಂಗಸು ಎಂಬುದನ್ನು ನೆನೆದಾಗ ಈ ಆರಾಧನೆಯ ಚರಿತ್ರೆ ಸರಳವಾದದ್ದಲ್ಲ ಎಂಬುದು ಮನವರಿಕೆಯಾಗುತ್ತದೆ.

ಶ್ರಾದ್ಧವಲ್ಲ, ಆರಾಧನೆ

ಕರ್ನಾಟಕ ಸಂಗೀತ ತನ್ನ ಹಿರಿಯರನ್ನು ಗೌರವಿಸುವ ರೀತಿ ವಿಚಿತ್ರವಾದದ್ದು. ಇಲ್ಲಿ ಹುಟ್ಟಿದ ದಿನಕ್ಕಿಂತ ತೀರಿಕೊಂಡ ತಿಥಿ ದೊಡ್ಡದು. ಅದಕ್ಕೊಂದು ಕಾರಣವಿದೆ.

ತ್ಯಾಗರಾಜರು ಹುಟ್ಟಿದ್ದು 1767ರಲ್ಲಿ, ತಂಜಾವೂರು ಸೀಮೆಯ ತಿರುವಾರೂರಿನಲ್ಲಿ. ಬಾಳಿದ್ದು ಕಾವೇರಿ ದಡದ ತಿರುವೈಯಾರಿನಲ್ಲಿ. 1847ರ ಜನವರಿ 6ರಂದು ಅಲ್ಲಿಯೇ ಕಾಲವಾದರು. ಅಂತ್ಯಕಾಲ ಸಮೀಪಿಸಿದಾಗ ಅವರು ಸಂನ್ಯಾಸ ಸ್ವೀಕರಿಸಿದ್ದರು. ಗೃಹಸ್ಥ ತೀರಿಕೊಂಡರೆ ದೇಹವನ್ನು ಸುಡುತ್ತಾರೆ, ಮಕ್ಕಳು ವರ್ಷಕ್ಕೊಮ್ಮೆ ಶ್ರಾದ್ಧ ಮಾಡುತ್ತಾರೆ. ಯತಿಯ ಸಂಗತಿ ಬೇರೆ. ಯತಿಗೆ ದಹನವಿಲ್ಲ, ಸಮಾಧಿ. ಶ್ರಾದ್ಧವಿಲ್ಲ, ಆರಾಧನೆ. ಮಂತ್ರಾಲಯಕ್ಕೆ ಹೋಗಿಬಂದ ಯಾವ ಕನ್ನಡಿಗನಿಗೂ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕೊನೆಯ ದಿನಗಳ ಸಂನ್ಯಾಸ ಇರದಿದ್ದರೆ ತಿರುವೈಯಾರಿನಲ್ಲಿ ಸಮಾಧಿ ಇರುತ್ತಿರಲಿಲ್ಲ. ಸಮಾಧಿ ಇರದಿದ್ದರೆ ಊರೂರುಗಳಿಂದ ವಿದ್ವಾಂಸರು ಬಂದು ಕೂಡುವುದಕ್ಕೆ ಒಂದು ಜಾಗವೂ ಇರುತ್ತಿರಲಿಲ್ಲ. ಅದರ ಜೊತೆಗೇ ಇನ್ನೊಂದು ತೊಡಕೂ ಬಂತು. ಸಂಗೀತಗಾರನ ನೆನಪಿನ ದಿನ ಒಂದು ಧಾರ್ಮಿಕ ವಿಧಿಯಾಗಿಬಿಟ್ಟಿತು. ವಿಧಿಯೆಂದ ಮೇಲೆ ಯಾರು ಎದುರಿಗೆ ಕೂರಬೇಕು, ಯಾರು ದೂರ ನಿಲ್ಲಬೇಕು ಎಂಬ ಲೆಕ್ಕಾಚಾರ ತಪ್ಪುವುದಿಲ್ಲ. ಮುಂದಿನ ಜಗಳಗಳಿಗೆಲ್ಲ ಬೀಜ ಇಲ್ಲಿಯೇ ಬಿತ್ತು ಎಂದು ನನಗನ್ನಿಸುತ್ತದೆ.

56 ವರ್ಷಗಳ ಮರೆವು

ಇಷ್ಟೆಲ್ಲ ಹೇಳಿದ ಮೇಲೆ, ತ್ಯಾಗರಾಜರು ಕಣ್ಮುಚ್ಚಿದ ಮರುವರ್ಷದಿಂದಲೇ ಆರಾಧನೆ ನಡೆದುಬಂತೆಂದು ಓದುಗರು ತಿಳಿದರೆ ಅದು ತಪ್ಪು. ಶಿಷ್ಯರು ತಮ್ಮ ತಮ್ಮ ಊರುಗಳಿಗೆ ಹಿಂತಿರುಗಿದರು. ವಾಲಾಜಪೇಟೆ, ಉಮೈಯಾಳ್‌ಪುರಂ, ತಿಲ್ಲೈಸ್ಥಾನಂ ಎಂಬ ಮೂರು ಊರುಗಳ ಹೆಸರಿನಲ್ಲಿ ಮೂರು ಶಿಷ್ಯಪರಂಪರೆಗಳು ಬೆಳೆದವು. ಗುರುವಿನ ತಿಥಿಯನ್ನು ಅವರು ತಮ್ಮ ಮನೆಗಳಲ್ಲೇ ಆಚರಿಸಿಕೊಂಡರು. ಕೃತಿಗಳು ಬಾಯಿಂದ ಬಾಯಿಗೆ, ಓಲೆಯಿಂದ ಕಾಗದಕ್ಕೆ ಸಾಗಿ ದಕ್ಷಿಣವನ್ನೆಲ್ಲ ಹಬ್ಬಿದವು. ಸಮಾಧಿಯ ಮೇಲೆ ಮಾತ್ರ ಗಿಡಗಂಟಿ ಬೆಳೆಯಿತು.

1903ರಲ್ಲಿ ಉಮೈಯಾಳ್‌ಪುರಂ ಕೃಷ್ಣ ಭಾಗವತರ್ ಮತ್ತು ಸುಂದರ ಭಾಗವತರ್ ಎಂಬ ವೃದ್ಧರಿಬ್ಬರು ತಿರುವೈಯಾರಿಗೆ ಬಂದರು. ಎಳೆವಯಸ್ಸಿನಲ್ಲಿ ತ್ಯಾಗರಾಜರಿಂದಲೇ ಪಾಠ ಕೇಳಿದ್ದ ಕೊನೆಯ ಕೆಲವರಲ್ಲಿ ಅವರು ಇಬ್ಬರು. ಗುರುವಿನ ಸಮಾಧಿಯನ್ನು ಹುಡುಕಿ ತೆಗೆದು, ಜೀರ್ಣವಾಗಿದ್ದುದನ್ನು ದುರಸ್ತಿ ಮಾಡಿಸಿ, ಒಂದು ಕಲ್ಲುಬರಹ ಇರಿಸಿ ಹೋದರು. ಆಗ ತ್ಯಾಗರಾಜರ ಕೃತಿಗಳನ್ನು ಹಾಡದ ಕಛೇರಿಯೇ ಇರಲಿಲ್ಲ. ಕೃತಿಕಾರ ಎಲ್ಲಿ ಮಲಗಿದ್ದಾನೆಂಬುದು ಮಾತ್ರ ಇಬ್ಬರು ಮುದುಕರಿಗೆ ಬೇಕಾಗಿತ್ತು.

ಆಮೇಲೆ ಬಂದವರು ತಿಲ್ಲೈಸ್ಥಾನಂ ಪರಂಪರೆಯ ಅಣ್ಣತಮ್ಮಂದಿರು, ನರಸಿಂಹ ಭಾಗವತರ್ ಮತ್ತು ಪಂಜು ಭಾಗವತರ್. ತ್ಯಾಗರಾಜರ ಕೃತಿಗಳ ದೊಡ್ಡ ಸಂಗ್ರಹವೊಂದನ್ನು 1908ರಲ್ಲಿ ಅಚ್ಚು ಹಾಕಿಸಿದವರು ಈ ನರಸಿಂಹ ಭಾಗವತರೇ. ಸಮಾಧಿಯ ಬಳಿ ಎಲ್ಲರೂ ಕೂಡಿ ಆರಾಧನೆ ನಡೆಸುವ ಪದ್ಧತಿಗೆ ಆ ಹೊತ್ತಿನಲ್ಲಿ ಇವರಿಂದಲೇ ಚಾಲನೆ ದೊರಕಿತು. ಅನ್ನಸಂತರ್ಪಣೆ, ಪೂಜೆ, ಸಂಗೀತ, ಹರಿಕಥೆ ಎಲ್ಲ ಸೇರಿದ ಉತ್ಸವ ಅದು.

ಆದರೆ ಅಣ್ಣತಮ್ಮಂದಿರ ನಡುವೆ ಬಿರುಕು ಬಿಟ್ಟಿತು. ಅಣ್ಣನ ಕಡೆಯವರದು ಪೆರಿಯ ಕಟ್ಚಿ, ಅಂದರೆ ದೊಡ್ಡ ಪಕ್ಷ. ತಮ್ಮನ ಕಡೆಯವರದು ಚಿನ್ನ ಕಟ್ಚಿ, ಚಿಕ್ಕ ಪಕ್ಷ. ವಿದ್ವಾಂಸರೂ ಎರಡಾಗಿ ಒಡೆದರು. ಆ ಕಾಲದ ಪಿಟೀಲು ದಿಗ್ಗಜ ಮಲೈಕೋಟ್ಟೈ ಗೋವಿಂದಸ್ವಾಮಿ ಪಿಳ್ಳೆಯವರು ಚಿಕ್ಕ ಪಕ್ಷಕ್ಕೆ ಬೆನ್ನೆಲುಬಾಗಿ ನಿಂತರು. ಒಂದು ಪಕ್ಷ ಪಂಚಮಿಗೆ ಮುಗಿಯುವಂತೆ ಮೊದಲ ಐದು ದಿನ ಉತ್ಸವ ನಡೆಸಿದರೆ, ಇನ್ನೊಂದು ಪಕ್ಷ ಪಂಚಮಿಯಂದು ಶುರುಮಾಡಿ ಮುಂದಿನ ದಿನಗಳಲ್ಲಿ ನಡೆಸುತ್ತಿತ್ತು. ಒಬ್ಬರೇ ಸಂತ, ಒಂದೇ ಸಮಾಧಿ, ಎರಡು ಚಪ್ಪರ! ಊಟದ ಎಲೆಯಿಂದ ಹಿಡಿದು ಯಾರು ಮೊದಲು ಹಾಡಬೇಕೆಂಬವರೆಗೆ ಪೈಪೋಟಿ. ಈ ಗದ್ದಲದಲ್ಲಿ ಸಮಾಧಿಯ ಆರೈಕೆ ಯಾರ ಪಾಲಿಗೂ ಬೀಳಲಿಲ್ಲ.

ಎರಡೂ ಪಕ್ಷಗಳು ಒಮ್ಮತದಿಂದ ಪಾಲಿಸಿದ ನಿಯಮವೊಂದಿತ್ತು. ಹೆಂಗಸರು ಹಾಡಬಾರದು.

ನಂಜನಗೂಡಿನ ಹುಡುಗಿ

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ತಂದೆ ಮೈಸೂರಿನ ವಕೀಲರು. ಮಗು ಹುಟ್ಟಿದ ಸ್ವಲ್ಪ ಕಾಲಕ್ಕೇ ತಂದೆ ಈ ತಾಯಿ-ಮಗಳನ್ನು ಕೈಬಿಟ್ಟರು. ಆಗ ಆಶ್ರಯ ಕೊಟ್ಟವರು ಮೈಸೂರು ಅರಮನೆಯ ವಿದ್ವಾಂಸ ಗಿರಿಭಟ್ಟ ತಿಮ್ಮಯ್ಯನವರು. ಹುಡುಗಿಗೆ ಸಂಸ್ಕೃತದ ಬುನಾದಿ ಹಾಕಿದವರೂ ಅವರೇ. ಆಮೇಲೆ ಅಲ್ಲಿಯೂ ಮನಸ್ತಾಪ ಬಂದು ತಾಯಿ ಮಗಳ ಕೈಹಿಡಿದು ಮೈಸೂರು ಬಿಟ್ಟರು. ಮಗಳು ದೊಡ್ಡ ವಿದುಷಿಯಾದ ಮೇಲೆಯೇ ಈ ಊರಿಗೆ ಕಾಲಿಡುತ್ತೇನೆಂದು ಪುಟ್ಟಲಕ್ಷ್ಮಮ್ಮ ಶಪಥ ಮಾಡಿದರೆಂದು ಹೇಳುತ್ತಾರೆ.

ಬೆಂಗಳೂರಿನಲ್ಲಿ ಸಂಗೀತ ಕಲಿಸಿದವರು ಮುನಿಸ್ವಾಮಪ್ಪ ಎಂಬ ಪಿಟೀಲು ವಿದ್ವಾಂಸರು. ಅವರ ವಿದ್ಯೆ ವಾಲಾಜಪೇಟೆ ಪರಂಪರೆಯದು. ಹೀಗೆ ತ್ಯಾಗರಾಜರಿಂದ ನೇರವಾಗಿ ಇಳಿದುಬಂದ ಶಿಷ್ಯಪರಂಪರೆಯೊಳಗೆ ಈ ಹುಡುಗಿ ಸೇರಿದಳು. ಮುಂದೆ ತಿರುವೈಯಾರಿನಲ್ಲಿ ಆಕೆಯನ್ನು ಹೊರಗಿಟ್ಟವರಿಗೆ ಗುರುಪರಂಪರೆಯ ಹಕ್ಕು ಎಷ್ಟಿತ್ತೋ ಆಕೆಗೂ ಅಷ್ಟೇ ಇತ್ತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ನಾಟ್ಯ, ಅಭಿನಯಗಳನ್ನೂ ಕಲಿತು, 15ರ ಎಳೆ ಪ್ರಾಯದಲ್ಲೇ ಅರಂಗೇರಿ, ಮೈಸೂರು ಅರಮನೆಯಲ್ಲೂ ಹಾಡಿ ಸೈ ಎನಿಸಿಕೊಂಡರು. ಕೆಲಕಾಲ ಬೆಂಗಳೂರಿನಲ್ಲಿದ್ದು, ನಂತರ ಮದರಾಸಿಗೆ ಹೋಗಿ ನೆಲೆಸಿದರು. ಅಲ್ಲಿ ಹೆಸರು, ಹಣ, ಒಡವೆ, ಸ್ವಂತ ಮನೆ ಎಲ್ಲವೂ ಬಂದವು. ಊರು ಬಿಟ್ಟರೂ ಬೆಂಗಳೂರು ನಾಗರತ್ನಮ್ಮ ಎಂಬ ಹೆಸರು ಅವರನ್ನು ಬಿಡಲಿಲ್ಲ.

ಅವರು ಬರಿ ಗಾಯಕಿಯಲ್ಲ. ಕನ್ನಡ, ತೆಲುಗು, ತಮಿಳು, ಸಂಸ್ಕೃತ ಬಲ್ಲ ಓದುಗಾರ್ತಿ. 18ನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹ ರಾಜನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿಯ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯ ಅವರ ಕೈಗೆ ಬಂತು. ಮುದ್ದುಪಳನಿಯೂ ದೇವದಾಸಿ. ಆಗ ಸಿಗುತ್ತಿದ್ದ ಮುದ್ರಿತ ಪ್ರತಿಯಲ್ಲಿ ಎಷ್ಟೋ ಭಾಗ ಕತ್ತರಿಸಿಹೋಗಿತ್ತು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, ಪಾಠ ಸರಿಪಡಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯ ಮೂಲಕ ಪೂರ್ಣಕಾವ್ಯವನ್ನು ಪ್ರಕಟಿಸಿದರು. ಶೃಂಗಾರ ಅತಿಯಾಯಿತೆಂದು ಪಂಡಿತರು ಹುಬ್ಬು ಗಂಟಿಕ್ಕಿದರು. ಮರುವರ್ಷ ಬ್ರಿಟಿಷ್ ಸರ್ಕಾರ ಅಶ್ಲೀಲವೆಂದು ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು ಸ್ವಾತಂತ್ರ್ಯ ಬಂದ ಕಾಲಕ್ಕೆ.

ಈ ಪ್ರಸಂಗವನ್ನು ಇಲ್ಲಿ ತರಲು ಕಾರಣವಿದೆ. ಮರೆತುಹೋದ ಕವಯಿತ್ರಿಯನ್ನು ಹುಡುಕಿ ಆಕೆಯ ಹೆಸರನ್ನು ಮತ್ತೆ ನಿಲ್ಲಿಸಿದ್ದು, ಪಾಳುಬಿದ್ದ ಸಮಾಧಿಯ ಮೇಲೆ ಗುಡಿ ಎಬ್ಬಿಸಿದ್ದು, ಎರಡೂ ಒಂದೇ ಕೈ ಮಾಡಿದ ಒಂದೇ ಬಗೆಯ ಕೆಲಸ. ತಂಜಾವೂರಿನ ಒಂದೇ ಮಣ್ಣಿನ ಇಬ್ಬರು. ಒಬ್ಬಳು ಗಣಿಕೆ, ಇನ್ನೊಬ್ಬರು ವಿರಕ್ತರು. ನಾಗರತ್ನಮ್ಮನವರಿಗೆ ಇಬ್ಬರೂ ಪೂರ್ವಿಕರೇ.

ಒಡವೆ ಕರಗಿ ಗುಡಿಯಾಯಿತು

1921ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರು ತಿರುವೈಯಾರಿಗೆ ಹೋಗಿಬಂದರು. ಪಿಟೀಲು ಚೌಡಯ್ಯನವರ ಗುರು ಎಂದರೆ ಇಂದಿನ ಓದುಗರಿಗೆ ಬೇಗ ಗುರುತು ಸಿಗಬಹುದು. ಸ್ವತಃ ರಾಮಭಕ್ತರಾಗಿ ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದ ಅವರಿಗೆ ತ್ಯಾಗರಾಜರ ಸಮಾಧಿಯ ದುರವಸ್ಥೆಯನ್ನು ಕಂಡು ಕರುಳು ಹಿಂಡಿದಂತಾಯಿತು. ಆ ಸಂಗತಿಯನ್ನು ನಾಗರತ್ನಮ್ಮನವರಿಗೆ ಬರೆದು ತಿಳಿಸಿದರು.

ನಾಗರತ್ನಮ್ಮನವರಿಗೆ ಆಗ 43ರ ಆಸುಪಾಸು. ಸುದ್ದಿ ಕೇಳಿ ತಿರುವೈಯಾರಿಗೆ ಧಾವಿಸಿದರು. ಸಮಾಧಿ ಇದ್ದ ನೆಲವನ್ನು ಪಡೆದು, ಸುತ್ತ ಶುಚಿ ಮಾಡಿಸಿ, ಅದೇ ವರ್ಷ ಅಡಿಗಲ್ಲು ಹಾಕಿಸಿದರು. ಹಣಕ್ಕೆ ಯಾರ ಮುಂದೆಯೂ ಕೈಚಾಚಲಿಲ್ಲ. ಗಳಿಸಿದ ಒಡವೆ, ಆಸ್ತಿ ಒಂದೊಂದಾಗಿ ಕರಗಿ ಕಲ್ಲು, ಗಾರೆಯಾಯಿತು. ಸಮಾಧಿಯ ಮುಂದೆ ತ್ಯಾಗರಾಜರ ವಿಗ್ರಹ ಕಡೆಸಿ ನಿಲ್ಲಿಸಿದರು. 1926ರ ಜನವರಿಯಲ್ಲಿ ಕುಂಭಾಭಿಷೇಕ ನಡೆಯಿತು.

ಗುಡಿ ಎದ್ದುನಿಲ್ಲುವುದಕ್ಕೆ ಎರಡು ಪಕ್ಷಗಳಿಂದಲೂ ಅಡ್ಡಿ ಬರಲಿಲ್ಲ. ಹಣ ಆಕೆಯದು, ಬೇಡವೆನ್ನುವುದೇಕೆ? ಅಡ್ಡಿ ಬಂದದ್ದು ಆಕೆ ಅಲ್ಲಿ ಕುಳಿತು ಹಾಡುತ್ತೇನೆ ಎಂದಾಗ. ಹೆಂಗಸು, ಅದರಲ್ಲೂ ದೇವದಾಸಿ ಕುಲದವಳು, ಯತಿಯ ಆರಾಧನೆಯಲ್ಲಿ ಹಾಡುವುದೆಂದರೇನು ಎಂಬ ಪ್ರಶ್ನೆ ಎದ್ದಿತು. ತಮ್ಮ ಹಣದಲ್ಲಿ ತಾವು ಕಟ್ಟಿಸಿದ ಗುಡಿಯ ಎದುರು ಹಾಡುವ ಹಕ್ಕು ನಾಗರತ್ನಮ್ಮನವರಿಗೆ ದೊರೆಯಲಿಲ್ಲ.

ಇನ್ನೊಬ್ಬರಾಗಿದ್ದರೆ ಮುನಿಸಿಕೊಂಡು ಮದರಾಸಿನ ರೈಲು ಹತ್ತುತ್ತಿದ್ದರೇನೋ. ನಾಗರತ್ನಮ್ಮ ಹಾಗೆ ಮಾಡಲಿಲ್ಲ. 1927ರಲ್ಲಿ ತಮ್ಮದೇ ಮೂರನೆಯ ಪಕ್ಷ ಕಟ್ಟಿದರು. ಜನರ ಬಾಯಲ್ಲಿ ಅದು ಪೆಣ್ಗಳ್ ಕಟ್ಚಿ, ಹೆಂಗಸರ ಪಕ್ಷ. ಗುಡಿಯ ಮುಂದೆ ಗಂಡಸರ ಕಛೇರಿಗಳು ನಡೆಯುತ್ತಿದ್ದರೆ ಹಿಂಭಾಗದಲ್ಲಿ ಹೆಂಗಸರ ಸಂಗೀತ, ನಾಗರತ್ನಮ್ಮನವರ ಹರಿಕಥೆ. ಅಲ್ಲಿ ಹಾಡಲು ದೂರದೂರದಿಂದ ಗಾಯಕಿಯರು ಬಂದರು. ಅವರಲ್ಲಿ ಬಹುಮಂದಿ ದೇವದಾಸಿ ಮನೆತನದವರು.

ಕಾಲವೂ ಅವರಿಗೆ ಅನುಕೂಲವಾಗಿರಲಿಲ್ಲ. ಮದರಾಸು ಶಾಸನಸಭೆಯಲ್ಲಿ ದೇವದಾಸಿ ಪದ್ಧತಿಯನ್ನು ತೊಡೆದುಹಾಕಬೇಕೆಂದು ಡಾ. ಮುತ್ತುಲಕ್ಷ್ಮೀ ರೆಡ್ಡಿಯವರು ಹೋರಾಟ ಆರಂಭಿಸಿದ್ದರು. ನಾಗರತ್ನಮ್ಮ ಮತ್ತು ಸಂಗಡಿಗರು ಸಂಘ ಕಟ್ಟಿಕೊಂಡು ಅದನ್ನು ವಿರೋಧಿಸಿದರು. ತಮ್ಮನ್ನೆಲ್ಲ ವೇಶ್ಯೆಯರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಾರದು, ತಮ್ಮ ಕಲೆ ಮತ್ತು ಆಸ್ತಿಯ ಹಕ್ಕು ಉಳಿಯಬೇಕು ಎಂಬುದು ಅವರ ವಾದ. ಇಂದು ಹಿಂತಿರುಗಿ ನೋಡುವಾಗ ಮುತ್ತುಲಕ್ಷ್ಮಿಯವರ ಕಾಳಜಿಯನ್ನು ಅಲ್ಲಗಳೆಯಲು ಸಾಧ್ಯವಿಲ್ಲ. ಆ ಪದ್ಧತಿಯಲ್ಲಿ ನರಳಿದ ಹೆಣ್ಣುಮಕ್ಕಳು ಅಸಂಖ್ಯ. ಆದರೆ ಪದ್ಧತಿಯ ಜೊತೆಗೆ ಆ ಮನೆಗಳ ವಿದುಷಿಯರನ್ನೂ ಸಮಾಜ ಹೊರದಬ್ಬಿತು ಎಂಬ ನಾಗರತ್ನಮ್ಮನವರ ನೋವೂ ಸುಳ್ಳಲ್ಲ.

ಮೂರು ಚಪ್ಪರ ಒಂದಾದ ಬಗೆ

1930ರ ದಶಕದುದ್ದಕ್ಕೂ ಮೂರು ಪಕ್ಷಗಳು ಮೂರು ಆರಾಧನೆ ನಡೆಸಿದವು. ಅಧಿಕಾರಿಗಳಿಗೆ ಮನವಿಗಳು ಹೋದವು. ಹಳಬರು ಒಬ್ಬೊಬ್ಬರಾಗಿ ಕಾಲವಾದರು. 1931ರಲ್ಲಿ ಗೋವಿಂದಸ್ವಾಮಿ ಪಿಳ್ಳೆಯವರು ತೀರಿಕೊಂಡರು. ಅಷ್ಟರಲ್ಲಿ ಗ್ರಾಮಫೋನು, ರೇಡಿಯೊ ಬಂದು ಗಾಯಕಿಯರ ಧ್ವನಿ ಮನೆಮನೆಗೂ ತಲುಪಿತ್ತು. ಸಭಾಗಳಲ್ಲಿ ಹೆಂಗಸರ ಕಛೇರಿಗೆ ಜನ ಮುಗಿಬೀಳುತ್ತಿದ್ದರು. ಹೊರಗಡೆ ಟಿಕೆಟ್ ಕೊಂಡು ಕೇಳುವ ಧ್ವನಿಯನ್ನು ತಿರುವೈಯಾರಿನಲ್ಲಿ ಮಾತ್ರ ಕೇಳಬಾರದೆಂಬ ನಿಯಮ ಎಷ್ಟು ದಿನ ನಿಂತೀತು?

ಕೊನೆಗೆ ಎಸ್.ವೈ. ಕೃಷ್ಣಸ್ವಾಮಿ ಎಂಬ ಐಸಿಎಸ್ ಅಧಿಕಾರಿ, ಗಾಯಕ ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮೊದಲಾದವರ ಪ್ರಯತ್ನದಿಂದ ಮೂರೂ ಪಕ್ಷಗಳು ಒಂದೇ ಸಭೆಯಡಿ ಬಂದವು. 1941ರಿಂದ ಒಂದೇ ಆರಾಧನೆ. ಅದೇ ವೇದಿಕೆಯಲ್ಲಿ ಹೆಂಗಸರಿಗೂ ಅವಕಾಶ. ಅಡಿಗಲ್ಲು ಹಾಕಿದ 20 ವರ್ಷಗಳ ಮೇಲೆ ನಾಗರತ್ನಮ್ಮ ಗುಡಿಯ ಹಿಂಭಾಗದಿಂದ ಮುಂಭಾಗಕ್ಕೆ ಬಂದರು. ಆಗ ಅವರಿಗೆ 60 ದಾಟಿತ್ತು.

ಎಲ್ಲರೂ ಕೂಡಿ ಐದು ಕೃತಿಗಳನ್ನು ಹಾಡುವ ಪದ್ಧತಿ ಅನಾದಿಯಿಂದ ಬಂದದ್ದೆಂದು ನಾನೂ ನಂಬಿದ್ದೆ. ಹಾಗಲ್ಲ. ಅದು ನೆಲೆಗೊಂಡದ್ದು ಈ ಒಗ್ಗೂಡುವಿಕೆಯ ಹೊತ್ತಿನಲ್ಲಿ. ಅದರಲ್ಲಿ ಮುಖ್ಯಪಾತ್ರ ವಹಿಸಿದವರು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು, ನಮ್ಮ ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದವರು. ತ್ಯಾಗರಾಜರ ಸುಮಾರು 700 ಕೃತಿಗಳು ಉಳಿದುಬಂದಿವೆ. ಅವುಗಳಲ್ಲಿ ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಘನರಾಗಗಳ ಐದನ್ನೇ ಆರಿಸಿಕೊಂಡದ್ದು ಜಾಣತನದ ಕೆಲಸ. ಐದೂ ಆದಿತಾಳದಲ್ಲಿವೆ. ಸ್ವರ ಮತ್ತು ಸಾಹಿತ್ಯ ಎರಡೂ ಮೊದಲೇ ಕಟ್ಟಿಟ್ಟವು. ಹಾಡುವವನ ಮನೋಧರ್ಮಕ್ಕೆ, ಅಂದರೆ ಆಲಾಪನೆ, ಕಲ್ಪನಾಸ್ವರಗಳ ಸ್ವಂತ ಕೈಚಳಕಕ್ಕೆ ಇಲ್ಲಿ ಎಡೆಯಿಲ್ಲ. ಬೇರೆ ಯಾವ ದೊಡ್ಡ ಕೃತಿಯನ್ನು ಹಿಡಿದರೂ ನೂರು ವಿದ್ವಾಂಸರು ನೂರು ದಿಕ್ಕಿಗೆ ಹೋಗುತ್ತಿದ್ದರು. ಈ ಐದರಲ್ಲಿ ಹೋಗಲು ಜಾಗವಿಲ್ಲ. ಬೇರೆ ಬೇರೆ ಪರಂಪರೆಗಳ ಪಾಠಾಂತರಗಳನ್ನು ಸ್ವಲ್ಪ ಬದಿಗಿಟ್ಟು ಎಲ್ಲರೂ ಒಂದು ಪಾಠಕ್ಕೆ ಒಪ್ಪಬೇಕು, ಅಷ್ಟೆ. ಜಗಳವಾಡುತ್ತಿದ್ದ ಮೂರು ಪಕ್ಷಗಳಿಗೆ ಇದಕ್ಕಿಂತ ಒಳ್ಳೆಯ ಔಷಧ ಸಿಗುತ್ತಿರಲಿಲ್ಲ.

ಸಂಗೀತದ ದೃಷ್ಟಿಯಿಂದ ನೋಡಿದರೆ ಈ ಗೋಷ್ಠಿಗಾಯನ ಶ್ರೇಷ್ಠ ಅನುಭವವೇನಲ್ಲ ಎಂದು ಧೈರ್ಯ ಮಾಡಿ ಹೇಳಬಹುದು. ಗಂಡಸರ ಶ್ರುತಿ, ಹೆಂಗಸರ ಶ್ರುತಿ ಒಂದೇ ಅಲ್ಲ. ಮಧ್ಯದ ಯಾವುದೋ ಶ್ರುತಿಗೆ ಎಲ್ಲರೂ ಹೊಂದಿಕೊಳ್ಳುವಾಗ ಯಾರಿಗೂ ಪೂರ್ತಿ ಸುಖವಿಲ್ಲ. ದೂರದರ್ಶನದ ಕ್ಯಾಮೆರಾ ಬಂದ ಮೇಲೆ ಮುಂದಿನ ಸಾಲಿಗೆ ನೂಕುನುಗ್ಗಲೂ ಆರಂಭವಾಯಿತು. ಆದರೂ ನೂರಾರು ಕಂಠಗಳು ಶ್ರೀರಾಗದ ಕೊನೆಯ ಕೃತಿಗೆ ಬಂದು, ಲೋಕದ ಮಹಾನುಭಾವರೆಲ್ಲರಿಗೂ ತ್ಯಾಗರಾಜರು ನಮಸ್ಕರಿಸುವ ಆ ಜಾಗವನ್ನು ಹಾಡುವಾಗ ಮೈ ಜುಮ್ಮೆನ್ನದವರು ಕಡಿಮೆ. ಗೌರವ ಪಡೆಯುತ್ತಿರುವವರೇ ಆ ಹೊತ್ತಿನಲ್ಲಿ ಇತರರನ್ನು ಗೌರವಿಸುತ್ತಿರುತ್ತಾರೆ.

ಮಿಕ್ಕ ದಿನಗಳ ಕಛೇರಿಗಳ ಕ್ರಮವೂ ಇಲ್ಲಿ ಬೇರೆ. ಸಂಭಾವನೆಯಿಲ್ಲ. ಎಷ್ಟೇ ದೊಡ್ಡ ಹೆಸರಿದ್ದರೂ ಸಿಗುವುದು ಕೆಲವೇ ನಿಮಿಷ. ಒಂದೆರಡು ಕೃತಿ ಹಾಡಿ ನಮಸ್ಕಾರ ಮಾಡಿ ಏಳಬೇಕು. ಹಿಂದೆ ಸರದಿಯಲ್ಲಿ ಇನ್ನೊಬ್ಬರು ಕಾದಿರುತ್ತಾರೆ.

ನಮ್ಮ ದಾಸರು, ಮಿಕ್ಕ ಇಬ್ಬರು

ತ್ಯಾಗರಾಜರಿಗೆ ಸಿಕ್ಕ ಈ ಪರಿಯ ಗೌರವ ಎಲ್ಲರಿಗೂ ಸಿಗಲಿಲ್ಲ. ತಿರುವಾರೂರಿನಲ್ಲೇ ಹುಟ್ಟಿದ ಶ್ಯಾಮಾಶಾಸ್ತ್ರಿಗಳು ಮತ್ತು ಮುತ್ತುಸ್ವಾಮಿ ದೀಕ್ಷಿತರನ್ನೂ ಸೇರಿಸಿ ತ್ರಿಮೂರ್ತಿಗಳೆನ್ನುತ್ತೇವೆ. ದೀಕ್ಷಿತರು 1835ರ ದೀಪಾವಳಿಯ ದಿನ ತೀರಿಕೊಂಡದ್ದು ಎಟ್ಟಯಾಪುರದಲ್ಲಿ. ಅವರ ಸಮಾಧಿಯೂ ಅಲ್ಲಿದೆ. ಆದರೆ ತಿರುವೈಯಾರಿನ ಜಾತ್ರೆ ಅಲ್ಲಿಲ್ಲ. ವಿದ್ವತ್ತಿನಲ್ಲಿ ಇವರು ಯಾರಿಗೂ ಕಡಿಮೆಯಲ್ಲ. ವ್ಯತ್ಯಾಸವಿರುವುದು ಶಿಷ್ಯರ ಸಂಖ್ಯೆಯಲ್ಲಿ. ತ್ಯಾಗರಾಜರಿಗೆ ಮೂರು ಊರುಗಳ ತುಂಬ ಶಿಷ್ಯರಿದ್ದರು. ಆ ಶಿಷ್ಯರ ಶಿಷ್ಯರು ಕಛೇರಿ ವಿದ್ವಾಂಸರಾದರು. ನಮ್ಮ ಮೈಸೂರು ವಾಸುದೇವಾಚಾರ್ಯರೂ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಮೂಲಕ ಆ ಬಳ್ಳಿಯ ಕುಡಿಯೇ. ಕೃತಿಕಾರ ಎಷ್ಟು ದೊಡ್ಡವನೆಂಬುದನ್ನು ಕೃತಿ ಹೇಳಿದರೂ, ಜಾತ್ರೆ ಎಷ್ಟು ದೊಡ್ಡದೆಂಬುದನ್ನು ಶಿಷ್ಯರು ನಿರ್ಧರಿಸುತ್ತಾರೆ.

ಪುರಂದರದಾಸರ ಸಂಗತಿ ಇನ್ನೂ ಕುತೂಹಲಕರ. ದಾಸರು 1564ರಲ್ಲಿ ಹಂಪೆಯಲ್ಲಿ ಕಾಲವಾದದ್ದು ಪುಷ್ಯ ಮಾಸದ ಅಮಾವಾಸ್ಯೆಯಂದು. ಎಂದರೆ ತ್ಯಾಗರಾಜರ ಪಂಚಮಿಗೆ ಸರಿಯಾಗಿ ಹತ್ತು ತಿಥಿಗಳ ಆಚೆ, ಅದೇ ಪಕ್ಷದಲ್ಲಿ! ಹೀಗಾಗಿ ಕರ್ನಾಟಕದ ಸಭೆಗಳು ಎರಡನ್ನೂ ಜೋಡಿಸಿ ಪುರಂದರ–ತ್ಯಾಗರಾಜ ಆರಾಧನೆ ನಡೆಸುವುದು ವಾಡಿಕೆಯಾಗಿದೆ. ತುಂಗಭದ್ರೆಯ ದಡದ ಪುರಂದರ ಮಂಟಪ ಆ ದಿನ ಹಾಡಿನಿಂದ ತುಂಬುತ್ತದೆ. ದಾಸರನ್ನು ಸಂಗೀತ ಪಿತಾಮಹ ಎನ್ನುವುದು ಬರಿಯ ಬಿರುದಲ್ಲ. ಇವತ್ತಿಗೂ ಮಗುವಿಗೆ ಮೊದಲ ದಿನ ಹೇಳಿಕೊಡುವ ಮಾಯಾಮಾಳವಗೌಳದ ಸರಳೆ, ಅಲಂಕಾರ, ಆಮೇಲಿನ ಪಿಳ್ಳಾರಿ ಗೀತೆ ಎಲ್ಲವೂ ಅವರ ಹೆಸರಿನಲ್ಲೇ ಬಂದವು. ಸಾವಿರಾರು ಮನೆಗಳಲ್ಲಿ ನಿತ್ಯ ಬೆಳಗಿನ ಅಭ್ಯಾಸವೇ ಅವರ ಆರಾಧನೆ. ತ್ಯಾಗರಾಜರೂ ತಮ್ಮ 'ಪ್ರಹ್ಲಾದ ಭಕ್ತಿ ವಿಜಯಮು' ಎಂಬ ಗೇಯನಾಟಕದ ಆರಂಭದಲ್ಲಿ ಪುರಂದರದಾಸರಿಗೆ ವಂದಿಸಿದ್ದಾರೆ.

ಕಾಲವಾದವರಿಗೆ ಆರಾಧನೆಯಾದರೆ ಬದುಕಿರುವವರಿಗೆ ಬಿರುದು. ಮದರಾಸು ಮ್ಯೂಸಿಕ್ ಅಕಾಡೆಮಿ 1928ರಲ್ಲಿ ಸ್ಥಾಪನೆಯಾಗಿ, ತನ್ನ ಸಮ್ಮೇಳನದ ಅಧ್ಯಕ್ಷತೆ ವಹಿಸುವ ವಿದ್ವಾಂಸರಿಗೆ 1942ರಿಂದ 'ಸಂಗೀತ ಕಲಾನಿಧಿ' ಎಂಬ ಬಿರುದು ಕೊಡತೊಡಗಿತು. ಚೌಡಯ್ಯನವರಿಗೆ ಅದು ಸಂದದ್ದು 1957ರಲ್ಲಿ. ಹೆಂಗಸರಿಗೆ? ಮೊದಲ ಬಾರಿ 1968ರಲ್ಲಿ, ಎಂ.ಎಸ್. ಸುಬ್ಬುಲಕ್ಷ್ಮಿಯವರಿಗೆ. ಅವರೂ ದೇವದಾಸಿ ಮನೆತನದಲ್ಲಿ ಹುಟ್ಟಿದವರೇ. ತಿರುವೈಯಾರಿನ ಹಳೆಯ ಭಾಗವತರನ್ನು ದೂರುವ ಮುನ್ನ ಪಟ್ಟಣದ ವಿದ್ಯಾವಂತರ ಸಂಸ್ಥೆಗೆ ಹಿಡಿದ ಈ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎದುರುಬದಿರು

ನಾಗರತ್ನಮ್ಮ ಕೊನೆಯ ವರ್ಷಗಳನ್ನು ತಿರುವೈಯಾರಿನಲ್ಲೇ ಕಳೆದರು. ಉಳಿದ ಆಸ್ತಿಯನ್ನು ಸಮಾಧಿಯ ಪೂಜೆ ಮತ್ತು ಆರಾಧನೆಗಾಗಿ ಟ್ರಸ್ಟಿಗೆ ಬರೆದುಕೊಟ್ಟರು. ಆ ಉಯಿಲಿನಲ್ಲಿ ಹೆಂಗಸರ ಹಕ್ಕಿನ ಮಾತನ್ನು ಅವರು ಮರೆಯಲಿಲ್ಲ. ದೇವದಾಸಿಯರೂ ಸೇರಿದಂತೆ ಎಲ್ಲ ಹೆಂಗಸರಿಗೂ ಅಲ್ಲಿ ಹಾಡುವ, ಪೂಜಿಸುವ ಅವಕಾಶ ಇರಬೇಕೆಂದು ಬರೆಸಿದರು. ಒಮ್ಮೆ ಮುಚ್ಚಿದ ಬಾಗಿಲು ಮತ್ತೆ ಮುಚ್ಚಬಹುದೆಂಬ ಎಚ್ಚರ ಅವರಿಗಿತ್ತು. 1952ರ ಮೇ 19ರಂದು ತೀರಿಕೊಂಡರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಿಂದೂಸ್ತಾನಿಯ ಸವಾಯಿ ಗಂಧರ್ವರು, ನಮ್ಮ ಕುಂದಗೋಳದವರು, ಕಾಲವಾದರು. ಮರುವರ್ಷವೇ ಶಿಷ್ಯ ಭೀಮಸೇನ ಜೋಶಿಯವರು ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವ ಆರಂಭಿಸಿದರು. ತ್ಯಾಗರಾಜರಿಗೆ ಹಿಡಿದ 50–60 ವರ್ಷ ಇವರಿಗೆ ಹಿಡಿಯಲಿಲ್ಲ. ತ್ಯಾಗರಾಜರ ಆರಾಧನೆಯೂ ಆಮೇಲೆ ಕಾವೇರಿ ದಡ ಬಿಟ್ಟು ಬಹುದೂರ ಹೋಯಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಲ್ಲಿ ಆರಂಭವಾದ ಉತ್ಸವಕ್ಕೆ ಕನ್ನಡಿಗ ಕಲಾವಿದರೂ ಹೋಗಿ ಹಾಡಿಬರುತ್ತಾರೆ.

ತಿರುವೈಯಾರಿನಲ್ಲಿ ನಾಗರತ್ನಮ್ಮನವರ ಸಮಾಧಿ ತ್ಯಾಗರಾಜರ ಗುಡಿಯ ಸಮೀಪದಲ್ಲೇ ಇದೆ. ಅದರ ಮೇಲೆ ಅವರ ವಿಗ್ರಹವಿದೆ. ಕೈಮುಗಿದು, ತ್ಯಾಗರಾಜರತ್ತ ಮುಖಮಾಡಿ ಕುಳಿತ ಭಂಗಿ. ಆರಾಧನೆಯ ಬೆಳಿಗ್ಗೆ ಉಂಛವೃತ್ತಿಯ ಮೆರವಣಿಗೆ ತ್ಯಾಗರಾಜರು ಬಾಳಿದ ಬೀದಿಯಿಂದ ಹಾಡುತ್ತ ಬಂದು ಗುಡಿ ಮುಟ್ಟುತ್ತದೆ. ಅಭಿಷೇಕ ಆರಂಭವಾಗುತ್ತದೆ, ನಾಟ ರಾಗ ಏಳುತ್ತದೆ. ಹಾಡುವ ಸಾಲುಗಳಲ್ಲಿ ರೇಷ್ಮೆ ಸೀರೆಯುಟ್ಟ ಹೆಂಗಸರು ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದವರು.